ಅಕ್ಕಪಕ್ಕದ ಬಾಂಟು ಭಾಷೆಗಳು: ನೆಂಟಸ್ತಿಕೆ ಎಷ್ಟು, ಎರವಲು ಎಷ್ಟು? ಪದೇ ಪದೇ ಕೇಳುವ ಪ್ರಶ್ನೆಗಳು

ಆಫ್ರಿಕಾದ ಭಾಷೆಗಳ ಮಾತು ಬಂದಾಗಲೆಲ್ಲ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಪ್ರಶ್ನೆಗಳು ಕೇಳಿದವರ ಮಾತಿನಲ್ಲೇ ಇವೆ. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ. ಉದಾಹರಣೆಗಳಲ್ಲಿ ಜಾಸ್ತಿ ಪಾಲು ಕೀನ್ಯಾ ಮತ್ತು ಟಾಂಜಾನಿಯಾದ ಕರಾವಳಿ, ಅದರ ಹಿಂದಿನ ಬೆಟ್ಟಗಳದ್ದು. ಹತ್ತಾರು ಭಾಷೆಗಳು ಒತ್ತೊತ್ತಾಗಿ ಇರುವ ಜಾಗ ಅದು. ಪದಗಳನ್ನು ಕನ್ನಡ ಲಿಪಿಗೆ ಹತ್ತಿರವಾಗುವ ಹಾಗೆ ಬರೆದಿದ್ದೇನೆ. ಕಿಕುಯು ಭಾಷೆಯ 7 ಸ್ವರಗಳನ್ನು ನಮ್ಮ ಕಾಗುಣಿತ ಪೂರ್ತಿ ಹಿಡಿಯುವುದಿಲ್ಲ.

### ಶುರುವಿನ ಪ್ರಶ್ನೆಗಳು

ಬಾಂಟು ಅಂದ್ರೆ ಒಂದು ಭಾಷೆನಾ, ಒಂದು ಜನಾಂಗನಾ?

ಎರಡೂ ಅಲ್ಲ. ಅದೊಂದು ಭಾಷಾ ಗುಂಪಿನ ಹೆಸರು. ನೈಜರ್-ಕಾಂಗೊ ಎಂಬ ದೊಡ್ಡ ಕುಟುಂಬದ ಒಂದು ಕವಲು. ಪಶ್ಚಿಮದಲ್ಲಿ ಕ್ಯಾಮರೂನ್, ಪೂರ್ವದಲ್ಲಿ ಕೀನ್ಯಾ, ಕೆಳಗೆ ದಕ್ಷಿಣ ಆಫ್ರಿಕಾ, ಇಷ್ಟು ಅಗಲಕ್ಕೆ ಹರಡಿದೆ. ಎಷ್ಟು ಭಾಷೆಗಳು ಅಂದರೆ ಸುಮಾರು 500 ಅನ್ನುವುದು ವಾಡಿಕೆ. ಭಾಷೆ ಯಾವುದು, ಉಪಭಾಷೆ ಯಾವುದು ಎಂಬ ಗೆರೆಯನ್ನು ಒಬ್ಬೊಬ್ಬರು ಒಂದೊಂದು ಕಡೆ ಎಳೆಯುವುದರಿಂದ ಲೆಕ್ಕ ಮೇಲೆ ಕೆಳಗೆ ಆಗುತ್ತದೆ.

ಹೆಸರು ಬಳಕೆಗೆ ತಂದವರು ವಿಲ್ಹೆಲ್ಮ್ ಬ್ಲೀಕ್ ಎಂಬ ಜರ್ಮನ್ ವಿದ್ವಾಂಸರು, 19ನೇ ಶತಮಾನದ ನಡುವಿನಲ್ಲಿ. ಮನುಷ್ಯ, ಮನುಷ್ಯರು ಅನ್ನುವುದಕ್ಕೆ ಜುಲುವಿನಲ್ಲಿ ಉಮುಂತು, ಅಬಾಂತು. ಸ್ವಾಹಿಲಿಯಲ್ಲಿ ಮ್‌ತು, ವಾತು. ಶೋನಾದಲ್ಲಿ ಮುನ್ಹು, ವಾನ್ಹು. ಬುಡದ ಪದ ಒಂದೇ, ಮುಂದೆ ಸೇರುವ ಪ್ರತ್ಯಯ ಬದಲಾದರೆ ವಚನ ಬದಲಾಗುತ್ತದೆ. ದಕ್ಷಿಣ ಆಫ್ರಿಕಾದಲ್ಲಿ ಮಾತ್ರ ಈ ಹೆಸರನ್ನು ಜನಕ್ಕೆ ಹಚ್ಚಬೇಡಿ. ವರ್ಣಭೇದದ ಸರ್ಕಾರ 1953ರಲ್ಲಿ ಕರಿಯರ ಶಾಲೆಗಳನ್ನು ಬೇರೆ ಮಾಡಿದ ಕಾಯ್ದೆಗೆ ಬಾಂಟು ಶಿಕ್ಷಣ ಕಾಯ್ದೆ ಅಂತಲೇ ಹೆಸರಿಟ್ಟಿತ್ತು. ಅಲ್ಲಿ ಅದು ಇವತ್ತಿಗೂ ಚುಚ್ಚುವ ಪದ.

ಬರವಣಿಗೆಯೇ ಇಲ್ಲದ ಭಾಷೆಗಳು ಒಂದೇ ಮೂಲದಿಂದ ಬಂದವು ಅಂತ ಹೇಗೆ ಹೇಳ್ತಾರೆ?

ಪದಗಳು ಒಂದೇ ಥರ ಕೇಳಿಸುವುದು ಸಾಕ್ಷಿ ಅಲ್ಲ. ವ್ಯತ್ಯಾಸಗಳು ಲೆಕ್ಕಬದ್ಧವಾಗಿರುವುದು ಸಾಕ್ಷಿ. ಮೂರು ಅನ್ನುವುದಕ್ಕೆ ಸ್ವಾಹಿಲಿಯಲ್ಲಿ ತಾತು, ಜುಲುವಿನಲ್ಲಿ ಥಾಥು, ಸೋಥೋದಲ್ಲಿ ರಾರೊ. ಕಳಿಸು ಅನ್ನುವುದಕ್ಕೆ ಸ್ವಾಹಿಲಿಯಲ್ಲಿ ತುಮ, ಜುಲುವಿನಲ್ಲಿ ಥುಮ, ಸೋಥೋದಲ್ಲಿ ರೋಮ. ಸ್ವಾಹಿಲಿಯ ತ-ಕಾರಕ್ಕೆ ಜುಲುವಿನಲ್ಲಿ ಥ, ಸೋಥೋದಲ್ಲಿ ರ. ತಾತು ಮತ್ತು ರಾರೊ ಕಿವಿಗೆ ಸಂಬಂಧವೇ ಇಲ್ಲದ ಹಾಗೆ ಕೇಳಿಸುತ್ತವೆ, ಆದರೂ ಒಂದೇ ಪದ.

ಇಂಥ ಹೊಂದಾಣಿಕೆಗಳನ್ನು ಜೋಡಿಸಿ ಮೂಲ ಬಾಂಟುವಿನ ಧ್ವನಿಗಳನ್ನು ಮೊದಲು ವ್ಯವಸ್ಥಿತವಾಗಿ ಕಟ್ಟಿಕೊಟ್ಟವರು ಕಾರ್ಲ್ ಮೈನ್‌ಹೋಫ್, 1899ರಲ್ಲಿ. ಆಮೇಲೆ ಮ್ಯಾಲ್ಕಮ್ ಗಥ್ರೀ, ಎ. ಇ. ಮ್ಯೂಸೆನ್ ಮುಂತಾದವರು ಬೆಳೆಸಿದರು. ಬೆಲ್ಜಿಯಂನ ತೆರ್ವ್ಯುರೆನ್ ಊರಿನ ವಸ್ತುಸಂಗ್ರಹಾಲಯದಲ್ಲಿ ಈ ಮೂಲಪದಗಳ ದೊಡ್ಡ ಭಂಡಾರವೇ ಇದೆ. ಈ ಭಾಷೆಗಳ ತವರು ನೈಜೀರಿಯಾ-ಕ್ಯಾಮರೂನ್ ಗಡಿಯ ಹತ್ತಿರ, ಅಲ್ಲಿಂದ ಹೊರಟದ್ದು ಸುಮಾರು 4,000-5,000 ವರ್ಷದ ಹಿಂದೆ ಅನ್ನುವುದು ಇವತ್ತು ಬಹುತೇಕ ಎಲ್ಲರೂ ಒಪ್ಪುವ ಮಾತು.

ಸ್ವಾಹಿಲಿ ಅರಬ್ಬಿಯಿಂದ ಹುಟ್ಟಿದ್ದು ಅಂತ ಕೇಳಿದ್ದೆ. ಸುಳ್ಳಾ?

ಸುಳ್ಳು. ಪದಕೋಶ ಮಾತ್ರ ನೋಡಿದವರು ಹಾಗೆ ಹೇಳುತ್ತಾರೆ. ಅರಬ್ಬಿ ಪದಗಳು ಬೇಕಾದಷ್ಟಿವೆ, ನಿಜ. ಆದರೆ ಆ ಪದಗಳು ಬಂದು ಕೂತದ್ದು ಬಾಂಟು ಮನೆಯಲ್ಲಿ. ಅರಬ್ಬಿಯ ಕಿತಾಬ್ ಸ್ವಾಹಿಲಿಗೆ ಬಂದು ಕಿತಾಬು ಆಯಿತು. ಸ್ವಾಹಿಲಿಯಲ್ಲಿ ಕಿ- ಅನ್ನುವುದು ನಾಮಪದಗಳ ಒಂದು ಗುಂಪಿನ (ನಾಮವರ್ಗದ) ಏಕವಚನದ ಗುರುತು, ಅದರ ಬಹುವಚನ ವಿ-. ಹಾಗಾಗಿ ಪುಸ್ತಕಗಳು ಅಂದರೆ ವಿತಾಬು! ಅರಬ್ಬಿಯವರಿಗೆ ಇದು ಅರ್ಥವೇ ಆಗುವುದಿಲ್ಲ. ರಸ್ತೆಯ ವೃತ್ತದ ಬಳಿ ‘ಕೀಪ್ ಲೆಫ್ಟ್’ ಅಂತ ಹಾಕಿದ್ದ ಫಲಕದಿಂದ ಕಿಪಿಲೆಫ್ತಿ ಎಂಬ ಪದ ಹುಟ್ಟಿತು. ಎರಡು ವೃತ್ತ ಇದ್ದರೆ ವಿಪಿಲೆಫ್ತಿ.

ಎಣಿಕೆಯಲ್ಲಿ ಎರಡೂ ಪದರ ಒಟ್ಟಿಗೆ ಕಾಣುತ್ತವೆ. ಒಂದರಿಂದ ಐದು, ಎಂಟು, ಹತ್ತು ಬಾಂಟು ಪದಗಳು. ಆರು, ಏಳು, ಒಂಬತ್ತಕ್ಕೆ ಸಿತ, ಸಬ, ತಿಸ. ಇವು ಅರಬ್ಬಿ. ಹಳೆಯ ಸ್ವಾಹಿಲಿಯಲ್ಲಿ ಆರಕ್ಕೆ ತಂದಾತು, ಏಳಕ್ಕೆ ಮ್‌ಫುಂಗಾತೆ ಅಂತ ಇತ್ತು. ಇದ್ದದ್ದನ್ನು ತಳ್ಳಿ ಎರವಲು ಬಂದು ಕೂತಿದೆ. ‘ಇಲ್ಲದ ವಸ್ತುವಿಗೆ ಮಾತ್ರ ಎರವಲು ಪದ ಬರುತ್ತದೆ’ ಅನ್ನುವವರಿಗೆ ನಾನು ಕೊಡುವ ಉತ್ತರ ಇದೇ.

ಸ್ವಾಹಿಲಿಯಲ್ಲೂ ಕನ್ನಡದಲ್ಲೂ ಒಂದೇ ಥರದ ಪದಗಳು ಕಾಣ್ತವೆ. ಹಳೇ ನಂಟು ಏನಾದ್ರೂ ಇದೆಯಾ?

ಹುಟ್ಟಿನ ನಂಟು ಇಲ್ಲ, ಕಡಲ ವ್ಯಾಪಾರದ ನಂಟು ಇದೆ. ಗಾಡಿಗೆ ಗಾರಿ, ಲಕ್ಷಕ್ಕೆ ಲಾಕಿ, ವಿಮೆಗೆ ಬಿಮಾ. ಇವು ಇಂಡಿಯಾದ ವ್ಯಾಪಾರಿಗಳ ಬಾಯಿಂದ ಹೋದವು. ನನಗೆ ಇನ್ನೂ ಇಷ್ಟವಾಗುವುದು ಸೀಬೆಹಣ್ಣು. ಸ್ವಾಹಿಲಿಯಲ್ಲಿ ಅದು ಪೇರ, ನಮ್ಮಲ್ಲಿ ಪೇರಲ. ಪೋರ್ಚುಗೀಸಿನಲ್ಲಿ ಪೇರ ಅಂದರೆ ಬೇರೆಯದೇ ಹಣ್ಣು, ಮರಸೇಬು. ಅವರು ಎರಡೂ ಕರಾವಳಿಗೆ ಬಂದರು, ಎರಡೂ ಕಡೆಯವರು ಆ ಹೆಸರನ್ನು ಸೀಬೆಗೇ ಇಟ್ಟುಕೊಂಡರು. ಎರಡು ಭಾಷೆಗಳಲ್ಲಿ ಒಂದೇ ಪದ ಕಂಡರೆ ಅಕ್ಕತಂಗಿಯರೇ ಆಗಿರಬೇಕಿಲ್ಲ, ಒಬ್ಬರಿಂದ ಒಬ್ಬರು ತೆಗೆದುಕೊಂಡಿರಲೂ ಬೇಕಿಲ್ಲ. ಮೂರನೆಯವರೊಬ್ಬರು ಇಬ್ಬರಿಗೂ ಕೊಟ್ಟಿರಬಹುದು.

ಯಲ್ಲಾಪುರ, ಹಳಿಯಾಳದ ಸಿದ್ದಿಗಳು ಬಾಂಟು ಭಾಷೆ ಆಡ್ತಾರಾ?

ಇಲ್ಲ. ಅವರ ಹಿರಿಯರಲ್ಲಿ ಬಹಳ ಜನ ಪೂರ್ವ ಆಫ್ರಿಕಾದವರು. ಆನುವಂಶಿಕ ಅಧ್ಯಯನಗಳೂ ಬಾಂಟು ಭಾಷಿಕ ಜನರ ಜೊತೆಗಿನ ನಂಟನ್ನು ತೋರಿಸಿವೆ. ಮಾತು ಮಾತ್ರ ಇಲ್ಲಿಯದೇ: ಕೊಂಕಣಿಯ ಒಂದು ಬಗೆ, ಕನ್ನಡ, ಕೆಲವೆಡೆ ಮರಾಠಿ, ಉರ್ದು. ಗುಜರಾತಿನ ಸಿದ್ದಿಗಳ ಗೋಮ ಕುಣಿತದ ಹೆಸರಿನಲ್ಲಿ ಮಾತ್ರ ಸ್ವಾಹಿಲಿಯ ಙೊಮಾ ಪದ ಉಳಿದಿದೆ. ಡೋಲು, ಕುಣಿತ ಎರಡಕ್ಕೂ ಅದೇ ಪದ. ರಕ್ತ ಒಂದು ದಾರಿ, ಭಾಷೆ ಇನ್ನೊಂದು ದಾರಿ ಹಿಡಿಯಬಹುದು ಅನ್ನುವುದಕ್ಕೆ ದೂರ ಹೋಗಬೇಕಿಲ್ಲ, ಉತ್ತರ ಕನ್ನಡವೇ ಸಾಕು.

### ಕೆಲಸ ನಡೆಯುವ ಬಗೆ

ಪಕ್ಕಪಕ್ಕದ ಭಾಷೆಗಳಲ್ಲಿ ಒಂದೇ ಪದ ಇದ್ದರೆ ಅದು ಹುಟ್ಟಿನಿಂದ ಬಂದದ್ದೋ, ಪಕ್ಕದವರಿಂದ ತಂದದ್ದೋ ಹೇಗೆ ಗೊತ್ತಾಗುತ್ತೆ?

ಇದೇ ಅಸಲಿ ಪ್ರಶ್ನೆ. ದೂರದ ಭಾಷೆಗಳಲ್ಲಿ ಎರವಲು ಎದ್ದು ಕಾಣುತ್ತದೆ. ಸ್ವಾಹಿಲಿಯೊಳಗಿನ ಅರಬ್ಬಿ ಪದ ಹುಡುಕುವುದು ಕಷ್ಟವಲ್ಲ. ಆದರೆ ಅಣ್ಣ ತಮ್ಮಂದಿರ ಹಾಗಿರುವ ಎರಡು ಬಾಂಟು ಭಾಷೆಗಳು ನೂರಾರು ವರ್ಷ ಒಂದೇ ಸಂತೆಗೆ ಹೋಗುತ್ತಿದ್ದರೆ? ಎರಡರಲ್ಲೂ ಒಂದೇ ಮೂಲದ ಪದಗಳು, ಮೇಲಿಂದ ಕೊಡುಕೊಳ್ಳುವಿಕೆ ಬೇರೆ.

ಸ್ವಾಹಿಲಿ ಮತ್ತು ಗಿರ್ಯಾಮವನ್ನೇ ನೋಡೋಣ. ಕೀನ್ಯಾ ಕರಾವಳಿಯ ಮಿಜಿಕೆಂದ ಅನ್ನುವ 9 ಸಮುದಾಯಗಳಲ್ಲಿ ಗಿರ್ಯಾಮ ಒಂದು. ಮೊಂಬಾಸಾ, ಮಲಿಂದಿಯ ಹಿಂದಿನ ನಾಡು ಅವರದು. ಸ್ವಾಹಿಲಿಯ ಬೆಂಕಿ ಮೊತೊ, ಗಿರ್ಯಾಮದಲ್ಲಿ ಮೊಹೊ. ಮಾಡು ಅನ್ನುವುದು ತೆಂದ, ಗಿರ್ಯಾಮದಲ್ಲಿ ಹೆಂದ. ಮೂರು ತಾತು, ಗಿರ್ಯಾಮದಲ್ಲಿ ಹಾಹು. ಅಂದರೆ ಗಿರ್ಯಾಮದಲ್ಲಿ ಹಳೆಯ ತ-ಕಾರ ಹ ಆಗಿದೆ. ಈಗ ಗಿರ್ಯಾಮದವರ ಬಾಯಲ್ಲಿ ತ-ಕಾರ ಹಾಗೇ ಉಳಿದಿರುವ ಪದವೊಂದು ಕೇಳಿದರೆ ಅನುಮಾನ ಪಡಬೇಕು. ಆ ಬದಲಾವಣೆ ಮುಗಿದ ಮೇಲೆ ಬಂದ ಪದ ಇರಬಹುದು, ಬಹುಶಃ ಸ್ವಾಹಿಲಿಯಿಂದ.

ಆದರೆ ತಕ್ಷಣ ತೀರ್ಪು ಕೊಡಬೇಡಿ. ಗಿರ್ಯಾಮದಲ್ಲಿ ಮನುಷ್ಯನಿಗೆ ಮುತು. ಇಲ್ಲೂ ತ ಇದೆ, ಹಾಗಂತ ಇದು ಎರವಲಲ್ಲ. ಇಲ್ಲಿ ಹಿಂದೆ ಇದ್ದದ್ದು ಬರೀ ತ ಅಲ್ಲ, ಜುಲುವಿನ ಉಮುಂತು ತೋರಿಸುವ ಹಾಗೆ ‘ನ್ತ’. ಆ ಅನುನಾಸಿಕ ತ-ಕಾರವನ್ನು ಕಾಪಾಡಿತು, ಆಮೇಲೆ ತಾನು ಬಿದ್ದುಹೋಯಿತು. ಹಾಗಾಗಿ ಮೊದಲು ಆ ಭಾಷೆಯ ಧ್ವನಿನಿಯಮಗಳು, ವಿನಾಯಿತಿಗಳ ಸಮೇತ, ಕೈಗೆ ಬರಬೇಕು. ಎರವಲು ಹುಡುಕುವುದು ಆಮೇಲಿನ ಕೆಲಸ.

ನಿಜವಾದ ತಲೆನೋವು ಬೇರೆ ಇದೆ. ಎರಡೂ ಭಾಷೆಗಳಲ್ಲಿ ಬದಲಾಗದೆ ಉಳಿದ ಧ್ವನಿಗಳಷ್ಟೇ ಇರುವ ಪದ ಸಿಕ್ಕರೆ ಯಾವ ನಿಯಮವೂ ನೆರವಿಗೆ ಬರುವುದಿಲ್ಲ. ಅಂಥ ಪದವನ್ನು ಪಟ್ಟಿಯಲ್ಲಿ ‘ತೀರ್ಮಾನವಿಲ್ಲ’ ಅಂತ ಇಡುವುದೇ ಸರಿ. ಬಹಳ ಜನಕ್ಕೆ ಇದು ಸಹಿಸುವುದಿಲ್ಲ.

ಗಥ್ರೀ ಕೊಟ್ಟ ಕೋಡ್‌ನಲ್ಲಿ ಒಂದೇ ಅಕ್ಷರ ಇದ್ದರೆ ಹತ್ತಿರದ ನೆಂಟರು ಅಂತ ತಾನೇ?

ಅಲ್ಲ. ಗಥ್ರೀ 1948ರಲ್ಲಿ ಬಾಂಟು ನಾಡನ್ನು ವಲಯಗಳಾಗಿ ಹಂಚಿ ಒಂದೊಂದಕ್ಕೂ ಅಕ್ಷರ ಕೊಟ್ಟರು. ಜುಲು ಎಸ್42, ಕಿಕುಯು ಇ51, ಸ್ವಾಹಿಲಿ ಜಿ42, ಗಿರ್ಯಾಮ ಇ72. ಭಾಷೆ ನಕ್ಷೆಯಲ್ಲಿ ಎಲ್ಲಿದೆ ಅಂತ ಹುಡುಕುವುದಕ್ಕೆ ಇದು ಅನುಕೂಲ. ಸ್ವಾಹಿಲಿ ಮತ್ತು ಗಿರ್ಯಾಮಕ್ಕೆ ಬೇರೆ ಬೇರೆ ಅಕ್ಷರ ಬಿದ್ದಿರುವುದನ್ನು ಗಮನಿಸಿ. ಆದರೆ ಡೆರೆಕ್ ನರ್ಸ್ ಮತ್ತು ಥಾಮಸ್ ಹಿನ್ನೆಬುಶ್ 1993ರಲ್ಲಿ ವಿವರವಾಗಿ ತೋರಿಸಿದ ಪ್ರಕಾರ ಇವೆರಡೂ ಸಬಾಕಿ ಎಂಬ ಒಂದೇ ಕವಲಿನವು. ಮಿಜಿಕೆಂದ, ಪೊಕೊಮೊ, ಎಲ್ವಾನ, ಕೊಮೊರೊ ದ್ವೀಪಗಳ ಭಾಷೆ, ಸ್ವಾಹಿಲಿ, ಎಲ್ಲ ಅದರೊಳಗೆ ಬರುತ್ತವೆ. ಕೋಡ್ ನೋಡಿ ವಂಶ ಹೇಳುವುದು ಪಿನ್‌ಕೋಡ್ ನೋಡಿ ಸಂಬಂಧ ಹೇಳಿದ ಹಾಗೆ.

ಶೇಕಡಾ ಎಷ್ಟು ಪದ ಹೊಂದುತ್ತೆ ಅಂತ ಎಣಿಸಿದ್ರೆ ಸಾಕಲ್ವಾ?

ಶುರುವಿಗೆ ಸಾಕು, ಕೊನೆಗೆ ಸಾಲದು. 1999ರಲ್ಲಿ ತೆರ್ವ್ಯುರೆನ್ ವಿದ್ವಾಂಸರು 542 ಬಾಂಟು ಪದಪಟ್ಟಿಗಳನ್ನು 92 ದಿನಬಳಕೆಯ ಪದಗಳ ಮೇಲೆ ಹೋಲಿಸಿ ಪ್ರಕಟಿಸಿದರು. ಅಗಾಧ ಕೆಲಸ. ದೊಡ್ಡ ಗುಂಪುಗಳು ಅದರಲ್ಲಿ ಚೆನ್ನಾಗಿ ಕಾಣುತ್ತವೆ.

ಅಕ್ಕಪಕ್ಕದ ಭಾಷೆಗಳ ವಿಷಯಕ್ಕೆ ಬಂದರೆ ಎಣಿಕೆ ದಾರಿ ತಪ್ಪಿಸುತ್ತದೆ. ಟಾಂಜಾನಿಯಾದ ಉತ್ತರ ಪಾರೆ ಬೆಟ್ಟಗಳಲ್ಲಿ ಗ್ವೆನೊ ಅಂತ ಒಂದು ಭಾಷೆ ಇದೆ, ಈಗ ಹೆಚ್ಚಾಗಿ ವಯಸ್ಸಾದವರ ಬಾಯಲ್ಲಿ. ಹುಟ್ಟಿನಿಂದ ಅದು ಕಿಲಿಮಂಜಾರೊ ತಪ್ಪಲಿನ ಚಾಗಾ ಭಾಷೆಗಳ ಕಡೆಯದು. ಬದುಕಿದ್ದು ಪಾರೆ ಬೆಟ್ಟದಲ್ಲಿ, ಅಸು ಭಾಷೆಯವರ ಮಗ್ಗುಲಲ್ಲಿ. ಅಸುವಿನಿಂದ ಬೇಕಾದಷ್ಟು ಪದ ತೆಗೆದುಕೊಂಡಿದೆ. ಬರೀ ಪದ ಎಣಿಸಿದರೆ ಗ್ವೆನೊ ಎರಡರ ನಡುವೆ ಎಲ್ಲೋ ನಿಲ್ಲುತ್ತದೆ. ನಡುವೆ ನಿಂತ ಅಂಕಿ ‘ಇಲ್ಲಿ ಎರವಲು ನಡೆದಿದೆ, ಬಿಡಿಸಿ ನೋಡು’ ಅಂತ ಕೊಡುವ ಸೂಚನೆ, ಅಷ್ಟೇ.

ಒಂದೇ ಧ್ವನಿ ಬದಲಾವಣೆ ಎರಡು ಭಾಷೆಯಲ್ಲಿ ಆಗಿದ್ದರೆ ನೆಂಟರು ಅನ್ನಬಹುದಲ್ಲ?

ಅವಸರ ಬೇಡ. ಸ್ವಾಹಿಲಿಯಲ್ಲಿ ಕೊಡುವುದು ಅಂದರೆ ಕುಪ. ರ್ವಾಂಡ ದೇಶದ ಭಾಷೆಯಲ್ಲಿ ಗುಹ. ಪ ಹೋಗಿ ಹ ಬಂದಿದೆ. ಹಳಗನ್ನಡದ ಪಾಲ್ ಹಾಲಾಯಿತು, ಪಾವು ಹಾವಾಯಿತು, ನೆನಪಿದೆಯಲ್ಲ? ರ್ವಾಂಡಕ್ಕೂ ಕನ್ನಡಕ್ಕೂ ಸಂಬಂಧ ಇದೆ ಅಂತ ಯಾರೂ ಹೇಳುವುದಿಲ್ಲ. ಪ ಸಡಿಲವಾಗಿ ಹ ಆಗುವುದು ಎಲ್ಲಿ ಬೇಕಾದರೂ ನಡೆಯುವಂಥದ್ದು.

ಇನ್ನು ಕೆಲವು ಬದಲಾವಣೆಗಳು ಅಷ್ಟು ಸಾಮಾನ್ಯವಲ್ಲ, ಆದರೂ ಕವಲುಗಳ ಬೇಲಿ ಹಾರುತ್ತವೆ. ಅಂಥದ್ದು ಡಾಲ್ ನಿಯಮ. ನ್ಯಾಮ್ವೇಜಿ ಭಾಷೆಯಲ್ಲಿ ಇದನ್ನು ಗುರುತಿಸಿದ ಎಡ್ಮಂಡ್ ಡಾಲ್ ಎಂಬ ಮಿಷನರಿಯ ಹೆಸರನ್ನು ಮೈನ್‌ಹೋಫ್ ಇಟ್ಟರು. ಒಂದರ ಹಿಂದೆ ಒಂದು ಕ, ತ, ಪದಂಥ ಎರಡು ಅಘೋಷ ವ್ಯಂಜನಗಳು ಬಂದರೆ ಮೊದಲನೆಯದು ಘೋಷವಾಗುತ್ತದೆ. ಕಡಿಯುವುದು ಅನ್ನುವುದಕ್ಕೆ ಸ್ವಾಹಿಲಿಯಲ್ಲಿ ಕುತೆಮ, ಉಗಾಂಡಾದ ಗಾಂಡ ಭಾಷೆಯಲ್ಲಿ ಒಕುತೆಮ. ಕಿಕುಯು ಮತ್ತು ರ್ವಾಂಡದಲ್ಲಿ ಗುತೆಮ. ತ ಮುಂದೆ ಇದೆ ಅಂತ ಕು ಗು ಆಯಿತು. ಉಳುವುದು ಅನ್ನುವಾಗ ಇವೆರಡರಲ್ಲೂ ಕುರಿಮ. ಮುಂದೆ ರ ಇದೆ, ಹಾಗಾಗಿ ಕು ಹಾಗೇ ಉಳಿಯಿತು. ಗಿಕುಯು ಅನ್ನುವ ಭಾಷೆಯ ಹೆಸರಲ್ಲೇ ಈ ನಿಯಮ ಇದೆ, ಕಿ ಹೋಗಿ ಗಿ ಬಂದಿದೆ.

ಮಳೆಗಾಲ, ಬೆಟ್ಟದಾವರೆ ಅಂತ ಶಾಲೆಯಲ್ಲಿ ಆದೇಶ ಸಂಧಿ ಕಲಿತವರಿಗೆ ಇದು ಪರಿಚಿತ ಅನ್ನಿಸಬಹುದು. ಬದಲಾಗುವ ಅಕ್ಷರಗಳು ಅವೇ, ಕಾರಣ ಮಾತ್ರ ಬೇರೆ. ಕಿಕುಯು ಮತ್ತು ರ್ವಾಂಡ ಬೇರೆ ಬೇರೆ ಕವಲಿನ ಭಾಷೆಗಳು, ಆದರೂ ಈ ನಿಯಮ ಪೂರ್ವ ಆಫ್ರಿಕಾದ ಎಷ್ಟೋ ಭಾಷೆಗಳಲ್ಲಿ ಕಾಣುತ್ತದೆ. ವಂಶ ಕಟ್ಟುವಾಗ ಇಂಥ ಒಂದು ಲಕ್ಷಣದ ಮೇಲೆ ಭಾರ ಹಾಕಬಾರದು. ಬೇರೆ ಬೇರೆ ಬಗೆಯ ಹಲವು ಹೊಸ ಬದಲಾವಣೆಗಳು ಒಂದೇ ಗುಂಪಿನಲ್ಲಿ ಒಟ್ಟಿಗೆ ಕಂಡರೆ ಆಗ ನಂಬಬಹುದು.

ಜುಲು, ಖೋಸಾದಲ್ಲಿ ನಾಲಿಗೆ ಲೊಟಕು ಹೊಡೆಯುವ ಶಬ್ದಗಳಿವೆಯಲ್ಲ, ಅವೂ ಬಾಂಟುವೇನಾ?

ಅಲ್ಲ. ಆ ಕ್ಲಿಕ್‌ಗಳು ಅಲ್ಲಿ ಮೊದಲಿಂದ ಇದ್ದ ಖೋಯ್ ಮತ್ತು ಸಾನ್ ಜನರ ಭಾಷೆಗಳಿಂದ ಬಂದವು. ಪದಗಳ ಜೊತೆಗೇ ಬಂದವು: ಖೋಸಾದಲ್ಲಿ ದೇವರಿಗಿರುವ ಉಥಿಕ್ಸೊ ಎಂಬ ಪದ ಖೋಯ್ ಮೂಲದ್ದು, ಅದರ ‘ಕ್ಸ’ ಜಾಗದಲ್ಲಿ ಕ್ಲಿಕ್ ಇದೆ. ಕುರಿಗೆ ಹೇಳುವ ಇಗುಶಾ ಕೂಡ ಖೋಯ್ ಕಡೆಯದೇ, ಅದರಲ್ಲಿ ಮಾತ್ರ ಕ್ಲಿಕ್ ಇಲ್ಲ.

ಪರಭಾಷೆಯ ಧ್ವನಿ ಇಷ್ಟು ಆಳಕ್ಕೆ ಇಳಿದದ್ದು ಹೇಗೆ? ಹ್ಲೊನಿಫ ಎಂಬ ರೂಢಿ ಇದಕ್ಕೆ ನೆರವಾಯಿತು ಅಂತ ಹಲವರು ಹೇಳುತ್ತಾರೆ. ಸೊಸೆಯಾಗಿ ಬಂದವಳು ಮಾವನ ಹೆಸರನ್ನಷ್ಟೇ ಅಲ್ಲ, ಆ ಹೆಸರಿನ ಅಕ್ಷರ ಬರುವ ಬೇರೆ ಪದಗಳನ್ನೂ ಆಡುವಂತಿಲ್ಲ. ಗಂಡನ ಹೆಸರು ಬಾಯಿಬಿಟ್ಟು ಹೇಳದ ನಮ್ಮ ಅಜ್ಜಿಯರಿಗಿಂತ ಒಂದು ಕೈ ಮೇಲೆ! ಹೀಗೆ ಬಿಟ್ಟ ಅಕ್ಷರದ ಜಾಗಕ್ಕೆ ಕ್ಲಿಕ್ ಸುಲಭವಾಗಿ ಒದಗುತ್ತಿತ್ತು.

### ಸ್ವಲ್ಪ ಆಳಕ್ಕೆ ಇಳಿದರೆ

ಪದ ಎರವಲು ಬರುತ್ತೆ, ವ್ಯಾಕರಣ ಬರಲ್ಲ ಅಂತಾರೆ. ನಿಜಾನಾ?

ಪೂರ್ತಿ ನಿಜವಲ್ಲ. ಕೀನ್ಯಾದ ತಾನಾ ನದಿಯ ಕೆಳದಂಡೆಯಲ್ಲಿ ಪೊಕೊಮೊ, ಮೇಲಕ್ಕೆ ಹೋದರೆ ಎಲ್ವಾನ. ಇಬ್ಬರೂ ಸಬಾಕಿ ಕವಲಿನವರು. ಎಲ್ವಾನದ ಸುತ್ತ ಒರ್ಮಾ ದನಗಾಹಿಗಳು, ಅವರದು ಒರೊಮೊ ಮಾತು. ಆ ಒಡನಾಟದಿಂದ ಎಲ್ವಾನದ ಪದಗಳಷ್ಟೇ ಅಲ್ಲ, ಧ್ವನಿ ಮತ್ತು ವ್ಯಾಕರಣವೂ ಬದಲಾಗಿವೆ.

ಇನ್ನೂ ವಿಚಿತ್ರ ಬೇಕಾದರೆ ಟಾಂಜಾನಿಯಾದ ಉಸಂಬಾರಾ ಬೆಟ್ಟಕ್ಕೆ ಹೋಗಿ. ಅಲ್ಲಿನ ಮ್ಬುಗು ಜನಕ್ಕೆ ಎರಡು ಮಾತು. ಒಂದು ಸಾಧಾರಣ ಮ್ಬುಗು, ಅಸುವಿಗೆ ಹತ್ತಿರದ ಬಾಂಟು ಭಾಷೆ. ಇನ್ನೊಂದು ಮಾಅ. ಎರಡರ ವ್ಯಾಕರಣ ಒಂದೇ: ಅದೇ ನಾಮವರ್ಗಗಳು, ಅದೇ ಪ್ರತ್ಯಯಗಳು. ಪದಗಳು ಮಾತ್ರ ಬೇರೆ. ಮಾಅದಲ್ಲಿ ಹೆಚ್ಚಿನವು ಕುಶಿಟಿಕ್ (ಒರೊಮೊ ಸೇರಿದ, ಬಾಂಟು ಅಲ್ಲದ ಗುಂಪು) ಭಾಷೆಗಳವು, ಕೆಲವು ಮಸಾಯ್ ಕಡೆಯವು. ಇದು ಕುಶಿಟಿಕ್ ಭಾಷೆ ಬಾಂಟು ವ್ಯಾಕರಣ ಹೊದ್ದದ್ದೋ, ಬಾಂಟು ಆಡುವವರು ತಮ್ಮ ಗುರುತಿಗೆ ಹಳೆಯ ಪದಗಳನ್ನು ಕಾಪಾಡಿಕೊಂಡದ್ದೋ ಅಂತ ದಶಕಗಳಿಂದ ವಾದ ನಡೆದಿದೆ. ಮಾರ್ಟೆನ್ ಮೌಸ್ ಅವರ ಕ್ಷೇತ್ರಕಾರ್ಯ ಓದಿದ ಮೇಲೆ ನನಗೆ ಎರಡನೆಯದೇ ಸರಿ ಅನ್ನಿಸುತ್ತದೆ. ಒಂದೇ ಜನ ಎರಡೂ ಆಡುತ್ತಾರೆ ಅನ್ನುವುದೇ ದೊಡ್ಡ ಸುಳಿವು.

ಯಾರು ಎಲ್ಲಿಂದ ಎಲ್ಲಿಗೆ ಹೋದರು ಅಂತ ಭಾಷೆ ಹೇಳಬಲ್ಲದಾ?

ಕೆಲವು ಸಲ ಚೆನ್ನಾಗಿ ಹೇಳುತ್ತದೆ. ಉಸಂಬಾರಾ ಬೆಟ್ಟದ ಬುಡದಲ್ಲಿ ದೈಸೊ ಅಂತ ಒಂದು ಸಣ್ಣ ಭಾಷೆ. ಸುತ್ತ ಶಂಬಾ, ಬೊಂದೆ, ದಿಗೊ, ಸ್ವಾಹಿಲಿ. ದೈಸೊ ಇವರ್ಯಾರ ಹತ್ತಿರದ ನೆಂಟನೂ ಅಲ್ಲ. ಅದರ ಬಳಗ ದೂರದ ಮಧ್ಯ ಕೀನ್ಯಾದಲ್ಲಿದೆ: ಕಿಕುಯು, ಕಾಂಬಾ, ಮೇರು. ಅಂದರೆ ಆ ಜನ ಅಲ್ಲಿಂದ ಇಳಿದು ಬಂದವರು. ಮೇಲೆ ಕೂತ ಎರವಲಿನ ಪದರಗಳು ಬಂದ ಮೇಲೆ ಯಾರ ಜೊತೆ ಒಡನಾಡಿದರು ಅಂತ ಹೇಳುತ್ತವೆ.

ಇಲ್ಲವಾದವರ ಸುಳಿವೂ ಸಿಗುತ್ತದೆ. ತೈತಾ ಬೆಟ್ಟಗಳ ಬಾಂಟು ಭಾಷೆಗಳಲ್ಲಿ ಕುಶಿಟಿಕ್ ಪದಗಳಿವೆ, ಆ ಪದ ಕೊಟ್ಟವರ ಭಾಷೆ ಈಗ ಅಲ್ಲಿಲ್ಲ. ವಿಕ್ಟೋರಿಯಾ ಸರೋವರದ ದಡದ ಸುಬಾ ಜನರ ಕಥೆ ಇದಕ್ಕೆ ಉಲ್ಟಾ. ಅವರದು ಬಾಂಟು ಭಾಷೆ, ಬಹುಪಾಲು ಜನ ಪಕ್ಕದ ಲುಓ ಭಾಷೆಗೆ ಬದಲಾಗಿದ್ದಾರೆ. ಇನ್ನು ಕಿಕುಯು ಜನ ದೇವರಿಗೆ ಹೇಳುವ ಙಾಯ್ ಮಸಾಯ್ ಭಾಷೆಯ ಪದ. ಜಗಳ, ದನದ ದಾಳಿ ಅಂತಲೇ ಆ ಎರಡು ಜನರ ಕಥೆ ಹೇಳುವವರು ಈ ಪದವನ್ನು ಮರೆಯಬಾರದು. ಬರೀ ಜಗಳವಾಡಿದವರಿಂದ ದೇವರ ಹೆಸರು ಬರುವುದಿಲ್ಲ.

ಇಸವಿ ಹೇಗೆ ಹಾಕ್ತಾರೆ?

ಭಾಷೆಯಿಂದ ಮಾತ್ರ ಹಾಕಲು ಆಗುವುದಿಲ್ಲ. 100 ದಿನಬಳಕೆಯ ಪದಗಳಲ್ಲಿ 1,000 ವರ್ಷಕ್ಕೆ 86 ಉಳಿಯುತ್ತವೆ ಎಂಬ ಹಳೆಯ ಸೂತ್ರ ಒಂದಿತ್ತು. ಎಲ್ಲ ಭಾಷೆಯೂ ಒಂದೇ ವೇಗದಲ್ಲಿ ಬದಲಾಗುತ್ತದೆ ಅಂತ ಅದು ನಂಬಿತ್ತು. ಹಾಗಾಗುವುದಿಲ್ಲ. ಭಾಷೆ ಹೇಳುವುದು ಯಾವುದು ಮೊದಲು, ಯಾವುದು ಆಮೇಲೆ ಅಂತ. ಇಸವಿ ಬರಬೇಕಾದದ್ದು ಮಣ್ಣಿನಿಂದ: ಸರೋವರ ಪ್ರದೇಶದ ಉರೆವೆ ಮಡಕೆಗಳು, ಮೊಂಬಾಸಾ ಹಿಂದಿನ ಕ್ವಾಲೆ ಮಡಕೆಗಳು, ಲಾಮು ದ್ವೀಪಸಮೂಹದ ಶಾಂಗಾದಲ್ಲಿ 8ನೇ ಶತಮಾನದಿಂದ ಕಾಣುವ ಊರು. ಮಡಕೆ ಮಾತಾಡುವುದಿಲ್ಲ ಅನ್ನುವುದು ಮಾತ್ರ ನೆನಪಿರಲಿ. ಅದನ್ನು ಮಾಡಿದವರು ಯಾವ ಭಾಷೆ ಆಡುತ್ತಿದ್ದರು ಎಂಬುದು ಯಾವಾಗಲೂ ಊಹೆಯೇ.

ಈಗ ಕಂಪ್ಯೂಟರ್, ಡಿಎನ್‌ಎ ಎಲ್ಲ ಬಂದ ಮೇಲೆ ಈ ಹಳೇ ವಿಧಾನ ಯಾಕೆ?

2002ರಲ್ಲಿ ಕ್ಲೇರ್ ಹೋಲ್ಡನ್ 75 ಭಾಷೆಗಳಿಗೆ ಕಂಪ್ಯೂಟರಿನಿಂದ ವಂಶವೃಕ್ಷ ಕಟ್ಟಿದರು. 2015ರ ಇನ್ನೊಂದು ಅಧ್ಯಯನ 400ಕ್ಕೂ ಹೆಚ್ಚು ಭಾಷೆಗಳನ್ನು ತೆಗೆದುಕೊಂಡು, ವಲಸೆ ಹೋದವರು ಹುಲ್ಲುಗಾವಲಿನ ದಾರಿಗಳನ್ನು ಹಿಡಿದರು, ಮಳೆಕಾಡು ಅವರ ವೇಗ ತಗ್ಗಿಸಿತು ಅಂತ ತೋರಿಸಿತು. ಖಂಡದ ಚಿತ್ರಕ್ಕೆ ಇವು ತುಂಬಾ ಉಪಯೋಗ. ಆದರೆ ಯಂತ್ರಕ್ಕೆ ಹಾಕುವ ಮೊದಲು ‘ಈ ಪದ ಎರವಲು’ ಅಂತ ಗುರುತು ಹಾಕಬೇಕಾದವನು ಮನುಷ್ಯನೇ. ಅವನು ತಪ್ಪಿದರೆ ಗ್ವೆನೊದಂಥ ಭಾಷೆ ತಪ್ಪು ಕೊಂಬೆಯಲ್ಲಿ ಹೋಗಿ ಕೂರುತ್ತದೆ.

ನಾನೇ ಎರಡು ಪಕ್ಕದ ಭಾಷೆ ಎತ್ತಿಕೊಂಡು ನೋಡಬೇಕು ಅಂದರೆ ಎಲ್ಲಿಂದ ಶುರು ಮಾಡಲಿ?

ಮೈಯ ಭಾಗಗಳು, ಸಣ್ಣ ಅಂಕಿಗಳು, ದಿನನಿತ್ಯದ ಕ್ರಿಯಾಪದಗಳಿಂದ. ಮಾರುಕಟ್ಟೆ, ಧರ್ಮ, ಆಡಳಿತದ ಪದಗಳನ್ನು ಬೇರೆ ಪಟ್ಟಿಯಲ್ಲಿಡಿ. ಎರವಲು ಹುಡುಕುವಾಗ ಆ ಪಟ್ಟಿಯೇ ಚಿನ್ನ. ಎರಡೇ ಭಾಷೆ ಇಟ್ಟುಕೊಂಡರೆ ಯಾರು ಕೊಟ್ಟರು, ಯಾರು ಪಡೆದರು ತಿಳಿಯುವುದಿಲ್ಲ. ಅದೇ ಕವಲಿನ, ಆದರೆ ಇವರ ಜೊತೆ ಒಡನಾಟವಿಲ್ಲದ ದೂರದ ಮೂರನೆಯದೊಂದು ಬೇಕು.

ಅಚ್ಚಾದ ನಿಘಂಟನ್ನೇ ನೆಚ್ಚಬೇಡಿ. ಬಹುತೇಕ ಬಾಂಟು ಭಾಷೆಗಳಲ್ಲಿ ಸ್ವರದ ಏರಿಳಿತ ಅರ್ಥ ಬದಲಿಸುತ್ತದೆ, ಹಳೆಯ ನಿಘಂಟುಗಳು ಅದನ್ನು ಗುರುತಿಸುವುದೇ ಕಮ್ಮಿ. ಸ್ವಾಹಿಲಿ ಆ ಏರಿಳಿತವನ್ನು ಕಳಕೊಂಡಿದೆ, ಗಿರ್ಯಾಮ ಉಳಿಸಿಕೊಂಡಿದೆ. ಏರಿಳಿತವಿಲ್ಲದ ಭಾಷೆಯಿಂದ ಬಂದ ಪದಕ್ಕೆ ಗಿರ್ಯಾಮ ಯಾವ ಏರಿಳಿತ ಕೊಟ್ಟಿದೆ, ಅದು ಮೂಲ ಬಾಂಟುವಿನ ಲೆಕ್ಕಕ್ಕೆ ಕೂಡುತ್ತದೋ ಇಲ್ಲವೋ ಅಂತ ನೋಡಿ. ಮೇಲೆ ‘ತೀರ್ಮಾನವಿಲ್ಲ’ ಅಂತ ಇಟ್ಟ ಪದಗಳಲ್ಲಿ ಕೆಲವಾದರೂ ಅಲ್ಲಿ ಬಿಡಿಸಿಕೊಳ್ಳುತ್ತವೆ. ಅದಕ್ಕೆ ಧ್ವನಿಮುದ್ರಣ ಬೇಕು, ಒಂದೇ ಪದವನ್ನು ಬಿಡಿಯಾಗಿ ಒಮ್ಮೆ, ವಾಕ್ಯದ ನಡುವೆ ಒಮ್ಮೆ ಹೇಳಿಸಿದ್ದು.